ಹಾಬಿಟ್ ಎಳೆದದ್ದು ಯಾಕೆ, ಸೀರಿಯಲ್ ಥರ ಕಂಡದ್ದು ಯಾಕೆ

ಪೀಟರ್ ಜಾಕ್ಸನ್ ಅವರ ‘ದಿ ಹಾಬಿಟ್’ ಮೊದಲ ಭಾಗ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮೂಲ ಪುಸ್ತಕ ಬರೆದ ಟೋಲ್ಕಿನ್ ಅವರ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಸಾಕು, ಒಬ್ಬರು ‘ಸಿಕ್ಕಾಪಟ್ಟೆ ಲ್ಯಾಗ್, ಅಷ್ಟುದ್ದ ಯಾಕೆ ಬೇಕಿತ್ತು’ ಅನ್ನುತ್ತಾರೆ. ಇನ್ನೊಬ್ಬರು ‘ಕಥೆ ಬಿಡಿ, ನೋಡೋಕೆ ಟಿವಿ ಸೀರಿಯಲ್ ಥರ ಇತ್ತಲ್ಲ’ ಅನ್ನುತ್ತಾರೆ. ಮೂರನೆಯವರು ಬಂದು ಎರಡನ್ನೂ ಕಲಸಿ, ಸೆಕೆಂಡಿಗೆ ಮಾಮೂಲಿ 24ರ ಬದಲು 48 ಬಿಡಿ ಚಿತ್ರ ತೋರಿಸಿದ್ದರಿಂದ, ಅಂದರೆ 48 ಫ್ರೇಮ್‌ನಿಂದಲೇ ಸಿನಿಮಾ ಕೆಟ್ಟಿತು ಅಂತ ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ತಕರಾರು ಇರುವುದು ಈ ಮೂರನೆಯವರ ಜೊತೆ. ಕಥೆ ಎಳೆದದ್ದಕ್ಕೆ ಒಂದು ಹಿನ್ನೆಲೆ ಇದೆ, ಚಿತ್ರ ಹಾಗೆ ಕಂಡದ್ದಕ್ಕೆ ಬೇರೆಯದೇ ಹಿನ್ನೆಲೆ ಇದೆ. ಒಂದರ ಬೇರು 2012ರ ಜುಲೈನಲ್ಲಿದ್ದರೆ ಇನ್ನೊಂದರದು 1920ರ ದಶಕದಲ್ಲಿದೆ.

ಮೊದಲು ಕಥೆಯ ಲೆಕ್ಕ ನೋಡೋಣ. ‘ದಿ ಹಾಬಿಟ್’ 1937ರಲ್ಲಿ ಬಂದ ಮಕ್ಕಳ ಪುಸ್ತಕ. 19 ಅಧ್ಯಾಯ, ಸುಮಾರು 300 ಪುಟ. ಮನೆ ಬಿಟ್ಟು ಕದಲದ ಬಿಲ್ಬೋ ಅನ್ನುವ ಹಾಬಿಟ್‌ನನ್ನು (ಹಾಬಿಟ್ ಅಂದರೆ ಪುಟ್ಟ ಆಕಾರದ ಕಾಲ್ಪನಿಕ ಜನ) ಮಾಂತ್ರಿಕ ಗ್ಯಾಂಡಾಲ್ಫ್ 13 ಜನ ಕುಳ್ಳರ ಜೊತೆ ಡ್ರ್ಯಾಗನ್ ಹತ್ತಿರ ಕಳಿಸುತ್ತಾನೆ, ಅವನು ಹೋಗಿ ಬರುತ್ತಾನೆ, ಅಷ್ಟೇ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಇದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ದೊಡ್ಡದು. ಜಾಕ್ಸನ್ ಅದನ್ನು 2001ರಿಂದ 2003ರವರೆಗೆ ಮೂರು ಸಿನಿಮಾ ಮಾಡಿದರು, ಥಿಯೇಟರ್ ಆವೃತ್ತಿ ಮೂರೂ ಸೇರಿ 558 ನಿಮಿಷ. ಕೊನೆಯದಕ್ಕೆ 11 ಆಸ್ಕರ್ ಬಂತು. ಇತ್ತ ಹಾಬಿಟ್‌ನ ಮೂರು ಭಾಗ ಸೇರಿದರೆ 169, 161, 144, ಅಂದರೆ 474 ನಿಮಿಷ. ಪುಟಾಣಿ ಪುಸ್ತಕಕ್ಕೆ ಹತ್ತಿರ ಹತ್ತಿರ ಎಂಟು ಗಂಟೆ.

ಶುರುವಿನಲ್ಲಿ ಹೀಗಿರಲಿಲ್ಲ. 2008ರಲ್ಲಿ ನಿರ್ದೇಶನಕ್ಕೆ ಬಂದವರು ಗಿಲ್ಯರ್ಮೊ ಡೆಲ್ ಟೋರೊ, ಆಗ ಯೋಜನೆ ಎರಡು ಸಿನಿಮಾಗಳದ್ದು. ಅವರು ನ್ಯೂಜಿಲೆಂಡ್‌ಗೆ ಹೋಗಿ ಸೆಟ್ಟು, ಪ್ರಾಣಿ, ಡ್ರ್ಯಾಗನ್ ಎಲ್ಲದಕ್ಕೂ ತಮ್ಮದೇ ರೀತಿಯಲ್ಲಿ ಚಿತ್ರ ಬರೆಸುತ್ತಾ ಕೂತಿದ್ದರು. ಆದರೆ ಪಾಲುದಾರ ಕಂಪನಿ ಎಂಜಿಎಂ ಸಾಲದಲ್ಲಿ ಮುಳುಗಿತ್ತು, ಹಸಿರು ನಿಶಾನೆ ಸಿಗಲೇ ಇಲ್ಲ. ಕಾದು ಕಾದು 2010ರ ಮೇ ತಿಂಗಳಲ್ಲಿ ಡೆಲ್ ಟೋರೊ ಹೊರನಡೆದರು. ನಿರ್ಮಾಪಕರಾಗಿದ್ದ ಜಾಕ್ಸನ್ ಅವರೇ ಕೊನೆಗೆ ನಿರ್ದೇಶಕನ ಕುರ್ಚಿಗೆ ಬಂದರು. ನಡುವೆ ನಟರ ಸಂಘದ ಗಲಾಟೆ, ಜಾಕ್ಸನ್ ಅವರಿಗೆ ಹೊಟ್ಟೆಯ ಹುಣ್ಣಿನ ಆಪರೇಷನ್. 2011ರ ಮಾರ್ಚ್ 21ಕ್ಕೆ ಶೂಟಿಂಗ್ ಶುರು. ಮೊದಲ ಮೂರು ಸಿನಿಮಾಗಳಿಗೆ ವರ್ಷಗಟ್ಟಲೆ ತಯಾರಿ ಮಾಡಿದ್ದ ಮನುಷ್ಯ ಈ ಸಲ ಓಡುವ ರೈಲಿಗೆ ಹತ್ತಿದರು.

ನನ್ನ ಪ್ರಕಾರ ಕಥೆಯ ಗತಿ ಕೆಟ್ಟದ್ದು ಇಲ್ಲೂ ಅಲ್ಲ. 2012ರ ಜುಲೈ ವೇಳೆಗೆ ಮುಖ್ಯ ಶೂಟಿಂಗ್ ಮುಗಿದಿತ್ತು. ಅದೇ ತಿಂಗಳ 30ಕ್ಕೆ, ಎರಡಲ್ಲ ಮೂರು ಸಿನಿಮಾ ಅಂತ ಜಾಕ್ಸನ್ ಘೋಷಿಸಿದರು. ಮೊದಲ ಭಾಗದ ಬಿಡುಗಡೆಗೆ ಆಗ ಉಳಿದಿದ್ದು ನಾಲ್ಕೂವರೆ ತಿಂಗಳು! ಹಳೆಯ ಯೋಜನೆಯಲ್ಲಿ ಮೊದಲ ಚಿತ್ರ ಕುಳ್ಳರು ಪೀಪಾಯಿಗಳಲ್ಲಿ ನದಿ ದಾಟುವವರೆಗೆ ಹೋಗಬೇಕಿತ್ತು. ಈಗ ಅದು ಹದ್ದುಗಳು ಬಂದು ಎತ್ತಿಕೊಂಡು ಹೋಗುವಲ್ಲಿಗೆ, ಅಂದರೆ ಪುಸ್ತಕದ ಆರನೇ ಅಧ್ಯಾಯಕ್ಕೇ ನಿಂತಿತು. 169 ನಿಮಿಷ, ಆರು ಅಧ್ಯಾಯ. ಕೊನೆಯ ಭಾಗದ ಕಥೆಯಂತೂ ಇನ್ನೂ ವಿಚಿತ್ರ. ಪುಸ್ತಕದಲ್ಲಿ ಕಥೆಯ ಕೊನೆಗೆ ಬರುವ ದೊಡ್ಡ ಯುದ್ಧ ನಡೆಯುವಾಗ ಬಿಲ್ಬೋ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿರುತ್ತಾನೆ, ಟೋಲ್ಕಿನ್ ಕೆಲವೇ ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ಸಿನಿಮಾದಲ್ಲಿ ಮೂರನೇ ಭಾಗ ನಿಂತಿರುವುದೇ ಆ ಯುದ್ಧದ ಮೇಲೆ.

ಖಾಲಿ ಜಾಗ ತುಂಬಲು ಸರಕು ಬೇಕಲ್ಲ. ಅದು ಬಂದದ್ದು ‘ಲಾರ್ಡ್ ಆಫ್ ದಿ ರಿಂಗ್ಸ್’ನ ಕೊನೆಯ ಅನುಬಂಧಗಳಿಂದ. ಟೋಲ್ಕಿನ್ 1969ರಲ್ಲಿ ಮಾರಿದ್ದು ಈ ಎರಡು ಪುಸ್ತಕಗಳ ಸಿನಿಮಾ ಹಕ್ಕನ್ನು ಮಾತ್ರ, ಹಾಗಾಗಿ ಅನುಬಂಧದಲ್ಲಿ ಇದ್ದದ್ದನ್ನು ಮುಟ್ಟಬಹುದು, ಅವರ ಇನ್ನೊಂದು ಪುಸ್ತಕ ‘ಸಿಲ್ಮರಿಲಿಯನ್’ ಕಡೆ ಕೈ ಹಾಕುವಂತಿಲ್ಲ. ಗ್ಯಾಂಡಾಲ್ಫ್ ಆಗಾಗ ಎಲ್ಲಿ ಮಾಯವಾಗುತ್ತಿದ್ದ ಅನ್ನುವುದಕ್ಕೆ ಉತ್ತರ ಅಲ್ಲಿತ್ತು. ಉಳಿದದ್ದು ಜಾಕ್ಸನ್ ತಂಡದ ಸ್ವಂತ ಸೇರ್ಪಡೆ. ಪುಸ್ತಕದ ಪ್ರಕಾರ ಯಾವಾಗಲೋ ಸತ್ತ ಆಜೋಗ್ ಅನ್ನುವ ಕುಳ್ಳರ ಶತ್ರು ಇಲ್ಲಿ ಬದುಕಿದ್ದಾನೆ. ಹಾಬಿಟ್ ಪುಸ್ತಕದಲ್ಲಿ ಇಲ್ಲದ ಲೆಗೊಲಾಸ್, ‘ಲಾರ್ಡ್ ಆಫ್ ದಿ ರಿಂಗ್ಸ್’ನ ಎಲ್ಫ್ (ಕಾಡಿನ ಕಾಲ್ಪನಿಕ ಜನರಲ್ಲೊಬ್ಬ), ಬರುತ್ತಾನೆ. ಎಲ್ಲೂ ಇಲ್ಲದ ಟೌರಿಯಲ್ ಅನ್ನುವ ಎಲ್ಫ್ ಹುಡುಗಿ ಹುಟ್ಟುತ್ತಾಳೆ. ಆ ಪಾತ್ರ ಮಾಡಿದ ಇವ್ಯಾಂಜಲಿನ್ ಲಿಲ್ಲಿ, ತ್ರಿಕೋನ ಪ್ರೇಮ ಇರಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿಕೊಂಡಿದ್ದೆ ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮತ್ತೆ ಶೂಟಿಂಗ್‌ಗೆ ಕರೆದಾಗ ನೋಡಿದರೆ ತ್ರಿಕೋನ ರೆಡಿ.

ಆದರೆ ‘ಮಕ್ಕಳ ಕಥೆಗೆ ಗಂಭೀರ ಬಣ್ಣ ಬಳಿದದ್ದೇ ಪಾಪ’ ಅನ್ನುವವರ ಜೊತೆ ನಾನಿಲ್ಲ. ಹಾಗೆ ಮಾಡಲು ಹೊರಟ ಮೊದಲಿಗರು ಖುದ್ದು ಟೋಲ್ಕಿನ್! ಹಾಬಿಟ್ಟನ್ನು ದೊಡ್ಡ ಕಾದಂಬರಿಯ ಧಾಟಿಗೆ ತರಬೇಕು ಅಂತ 1960ರಲ್ಲಿ ಅವರೇ ಹೊಸದಾಗಿ ಬರೆಯಲು ಕೂತರು, ಸ್ವಲ್ಪ ಬರೆದು ಕೈಬಿಟ್ಟರು. ಜಾಕ್ಸನ್ ಅವರ ಆಸೆ ತಪ್ಪಲ್ಲ, ಕೈಬಿಡುವ ಜಾಗ ಅವರಿಗೆ ಗೊತ್ತಾಗಲಿಲ್ಲ.

ಉದ್ದವಾದ ದೃಶ್ಯ ಅಂದರೆ ಲ್ಯಾಗ್ ಅಂತಲೂ ಅಲ್ಲ. ಇದಕ್ಕೆ ಸಾಕ್ಷಿ ಮೊದಲ ಭಾಗದಲ್ಲೇ ಇದೆ. ಬಿಲ್ಬೋ ಮನೆಗೆ ಕುಳ್ಳರು ಒಬ್ಬೊಬ್ಬರಾಗಿ ಬರುತ್ತಾರೆ, ಉಗ್ರಾಣ ಖಾಲಿ ಮಾಡುತ್ತಾರೆ, ತಟ್ಟೆ ಎಸೆಯುತ್ತಾ ಒಂದು ಹಾಡು, ಒಲೆ ಮುಂದೆ ಇನ್ನೊಂದು ಹಾಡು. ಅವನು ಬಾಗಿಲು ದಾಟಿ ಓಡುವ ಹೊತ್ತಿಗೆ ಸಿನಿಮಾ ಅರ್ಧ ಗಂಟೆ ದಾಟಿ ಎಷ್ಟೋ ಹೊತ್ತಾಗಿರುತ್ತದೆ. ಲ್ಯಾಗ್ ಅನ್ನುವವರೆಲ್ಲ ಬೆರಳು ತೋರಿಸುವುದು ಇಲ್ಲಿಗೇ. ಅದೇ ಸಿನಿಮಾದ ಕೊನೆಯ ಕಡೆ, ಕತ್ತಲ ಗುಹೆಯಲ್ಲಿ ಬಿಲ್ಬೋ ಮತ್ತು ಅಲ್ಲಿ ವಾಸವಿರುವ ವಿಚಿತ್ರ ಜೀವಿ ಗೊಲ್ಲಮ್ ಕೂತು ಒಗಟು ಕೇಳಿಕೊಳ್ಳುತ್ತಾರೆ. ಬರೀ ಮಾತು. ಇಬ್ಬರೇ. ಓಟವಿಲ್ಲ, ಹೊಡೆದಾಟವಿಲ್ಲ. ಸಿನಿಮಾವನ್ನು ಬೈಯುವವರು ಕೂಡ ಈ ದೃಶ್ಯವನ್ನು ಬಿಟ್ಟುಕೊಡುವುದಿಲ್ಲ. ಶೂಟಿಂಗ್‌ನ ಮೊದಲ ದಿನಗಳಲ್ಲಿ ತೆಗೆದದ್ದು ಇದನ್ನೇ. ಬಿಲ್ಬೋ ಆದ ಮಾರ್ಟಿನ್ ಫ್ರೀಮನ್ ಮತ್ತು ಗೊಲ್ಲಮ್ ಆದ ಆಂಡಿ ಸರ್ಕಿಸ್ ನಾಟಕದ ಹಾಗೆ ಇಡೀ ದೃಶ್ಯವನ್ನು ಮೊದಲಿಂದ ಕೊನೆಯವರೆಗೆ ಆಡಿದರು, ಮತ್ತೆ ಮತ್ತೆ ಆಡಿದರು. ಸೋತರೆ ಬಿಲ್ಬೋ ಊಟವಾಗುತ್ತಾನೆ, ಅದಕ್ಕೇ ನಾವು ಕಣ್ಣು ಮಿಟುಕಿಸದೆ ನೋಡುತ್ತೇವೆ. ಔತಣದ ದೃಶ್ಯದಲ್ಲಿ ಸೋಲಲಿಕ್ಕೆ ತಟ್ಟೆ ಬಿಟ್ಟರೆ ಬೇರೇನಿದೆ?

ಈಗ ಫ್ರೇಮ್ ವಿಷಯ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ 16 ಫ್ರೇಮೋ 20 ಫ್ರೇಮೋ, ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. 1920ರ ದಶಕದ ಕೊನೆಗೆ ಮಾತು ಬಂತು ನೋಡಿ, ವೇಗ ಏರುಪೇರಾದರೆ ನಾಯಕನ ದನಿ ಕೀರಲಾಗುತ್ತದೆ, ಇಲ್ಲಾ ಗೊಗ್ಗರಾಗುತ್ತದೆ. ಒಂದು ವೇಗಕ್ಕೆ ಕಟ್ಟಿಹಾಕಲೇಬೇಕಾಯಿತು. ಶಬ್ದ ಚೆನ್ನಾಗಿ ಕೇಳುವಷ್ಟು ವೇಗ, ಫಿಲ್ಮ್ ಖರ್ಚು ಕೈಮೀರದಷ್ಟು ನಿಧಾನ, ಹೀಗೆ ಸಿಕ್ಕ ರಾಜಿ 24. ನಿಮಿಷಕ್ಕೆ 90 ಅಡಿ ಫಿಲ್ಮ್. ಕಣ್ಣಿಗೆ ಇದೇ ಸರಿ ಅಂತ ಯಾರೂ ನಿರ್ಧಾರ ಮಾಡಿದ್ದಲ್ಲ. ಆದರೆ ಮುಂದಿನ ಎಲ್ಲ ತಲೆಮಾರು, ನಮ್ಮ ಕನ್ನಡ ಸಿನಿಮಾ ನೋಡಿದವರೂ ಸೇರಿ, ಬೆಳೆದದ್ದು ಈ 24ರಲ್ಲೇ.

ಬದಲಾಯಿಸಲು ಪ್ರಯತ್ನ ಆಗಿರಲಿಲ್ಲ ಅಂತಲ್ಲ. 1955ರ ‘ಒಕ್ಲಹೋಮ!’ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಬಂದಿತ್ತು. ಸ್ಪೆಷಲ್ ಎಫೆಕ್ಟ್ಸ್ ತಂತ್ರಜ್ಞ ಡಗ್ಲಸ್ ಟ್ರಂಬುಲ್ 1970ರ ದಶಕದಲ್ಲಿ ಶೋಸ್ಕ್ಯಾನ್ ಅಂತ 60 ಫ್ರೇಮ್‌ನ ವ್ಯವಸ್ಥೆ ಮಾಡಿದರು. ಹಾಲಿವುಡ್ ದುಡ್ಡು ಹಾಕಲಿಲ್ಲ, ಅದು ಮನರಂಜನಾ ಪಾರ್ಕುಗಳ ಪುಟ್ಟ ಚಿತ್ರಗಳಲ್ಲೇ ಉಳಿಯಿತು. ಡಿಜಿಟಲ್ ಪ್ರೊಜೆಕ್ಟರ್ ಬಂದ ಮೇಲೆ ಫಿಲ್ಮ್ ಖರ್ಚಿನ ಮಾತೇ ಇಲ್ಲವಾಯಿತು. ಮೇಲೆ ತ್ರೀಡಿ ಜ್ವರ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ 24 ಫ್ರೇಮ್ ತಡವರಿಸುತ್ತದೆ, ತ್ರೀಡಿಯಲ್ಲಿ ಅದು ಕಣ್ಣಿಗೆ ಹೆಚ್ಚು ಹಿಂಸೆ. 2011ರ ಏಪ್ರಿಲ್‌ನಲ್ಲಿ ಜಾಕ್ಸನ್, ನಾವು ಶೂಟ್ ಮಾಡುತ್ತಿರುವುದು 48ರಲ್ಲಿ ಅಂದರು.

ಇದರಲ್ಲಿ ಒಂದು ಸಣ್ಣ ರಾಜಿ ಇತ್ತು, ಅಭಿಮಾನಿಗಳ ಜಗಳದಲ್ಲಿ ಅದು ಬರುವುದೇ ಅಪರೂಪ. ಮಾಮೂಲಿ 24 ಫ್ರೇಮ್‌ನಲ್ಲಿ ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಪ್ರತಿ ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಕೈ ಬೀಸಿದರೆ ಚಿತ್ರದಲ್ಲಿ ಕೈ ಸ್ವಲ್ಪ ಮಸುಕಾಗುತ್ತದೆ, ನಾವು ಸಿನಿಮಾ ಲುಕ್ ಅನ್ನುವುದರಲ್ಲಿ ಅರ್ಧಪಾಲು ಈ ಮಸುಕೇ. 48ರಲ್ಲಿ ಅದೇ ಲೆಕ್ಕ ಹಿಡಿದರೆ 96ನೇ ಒಂದು ಭಾಗ ಆಗಬೇಕು. ಆದರೆ ಹೆಚ್ಚಿನ ಥಿಯೇಟರ್‌ಗಳಿಗೆ 24ರ ಪ್ರತಿಯೇ ಹೋಗಬೇಕಿತ್ತು, ಅಲ್ಲಿ ಒಂದು ಬಿಟ್ಟು ಒಂದು ಫ್ರೇಮ್ ತೆಗೆದುಹಾಕುತ್ತಾರೆ, ಆಗ ಮಸುಕು ತೀರಾ ಕಡಿಮೆಯಾಗಿ ಓಟವೆಲ್ಲ ಕುಪ್ಪಳಿಸಿದ ಹಾಗೆ ಕಾಣುತ್ತದೆ. ಅದಕ್ಕೇ ನಡುವಿನ ದಾರಿ ಹಿಡಿದು ಸೆಕೆಂಡಿನ 64ನೇ ಒಂದು ಭಾಗಕ್ಕೆ ಇಟ್ಟರು. ಹಾಗಾಗಿ 48 ನೋಡಿದವರಿಗೂ 24 ನೋಡಿದವರಿಗೂ ಪೂರ್ತಿ ಅವರದೇ ಆದ ಚಿತ್ರ ಸಿಗಲಿಲ್ಲ.

2012ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನ ಸಿನಿಮಾಕಾನ್‌ನಲ್ಲಿ (ಅದು ಥಿಯೇಟರ್ ಉದ್ಯಮದ ಸಮ್ಮೇಳನ) ಥಿಯೇಟರ್ ಮಾಲೀಕರಿಗೂ ಪತ್ರಕರ್ತರಿಗೂ ಹತ್ತು ನಿಮಿಷದ ತುಣುಕು ತೋರಿಸಿದರು. ಕೆಲಸ ಪೂರ್ತಿ ಮುಗಿಯದ ತುಣುಕು. ಅಲ್ಲಿಂದಲೇ ‘ಸೀರಿಯಲ್ ಥರ’ ಅನ್ನುವ ಮಾತು ಹೊರಟದ್ದು. ನಮಗೂ ಇದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಹಳೆಯ ಟಿವಿ ವ್ಯವಸ್ಥೆಯಲ್ಲಿ ಸೆಕೆಂಡಿಗೆ 25 ಫ್ರೇಮ್, ಪ್ರತಿಯೊಂದೂ ಎರಡು ಅರ್ಧವಾಗಿ ಬರುತ್ತಿತ್ತು. ವಿಡಿಯೊ ಕ್ಯಾಮೆರಾದಲ್ಲಿ ತೆಗೆದ ಸೀರಿಯಲ್‌ನಲ್ಲಿ ಚಲನೆ ಸೆಕೆಂಡಿಗೆ 50 ಸಲ ದಾಖಲಾಗುತ್ತಿತ್ತು. ಚಾನೆಲ್ ತಿರುಗಿಸುತ್ತಾ ಹೋದರೆ ಇದು ಸೀರಿಯಲ್, ಇದು ಸಿನಿಮಾ ಅಂತ ಅರೆಕ್ಷಣದಲ್ಲಿ ಹೇಳಬಹುದಿತ್ತು, ಅಲ್ವಾ? ಆ ನುಣುಪು ಅಂದರೆ ಅಗ್ಗದ್ದು ಅಂತ ಕಣ್ಣಿಗೆ ಅಭ್ಯಾಸ ಆಗಿಹೋಗಿತ್ತು. 48 ಬಂದಾಗ ಹಾಬಿಟ್ ಮೇಲೂ ಅದೇ ಮುದ್ರೆ ಬಿತ್ತು. ಮೊದಲ ಕೆಲವು ನಿಮಿಷ ಪಾತ್ರಗಳು ಫಾಸ್ಟ್ ಫಾರ್ವರ್ಡ್‌ನಲ್ಲಿ ಓಡಾಡಿದಂತೆ ಕಂಡಿತು ಅಂತಲೂ ತುಂಬಾ ಜನ ಹೇಳಿದರು. ತಮಾಷೆ ನೋಡಿ, ಕಥೆ ನಿಧಾನ ಅನ್ನುವ ದೂರು, ನಡಿಗೆ ಜೋರು ಅನ್ನುವ ದೂರು, ಎರಡೂ ಒಂದೇ ಸಿನಿಮಾದ ಮೇಲೆ!

ಸೆಟ್‌ನಲ್ಲೂ ಈ ತಂತ್ರಜ್ಞಾನ ಎಲ್ಲವನ್ನೂ ತಲೆಕೆಳಗು ಮಾಡಿತ್ತು. ಅವರು ಬಳಸಿದ ರೆಡ್ ಎಪಿಕ್ ಕ್ಯಾಮೆರಾ ಬಣ್ಣವನ್ನು ಸ್ವಲ್ಪ ತಿಂದುಹಾಕುತ್ತಿತ್ತು, ಅದಕ್ಕೆ ನಟರ ಮುಖಕ್ಕೆ ಕೆಂಪು ಜಾಸ್ತಿ ಬಳಿದರು, ಕಾಡಿನ ಸೆಟ್ಟಿನ ಮರಗಳಿಗೆ ಕಣ್ಣು ಕುಕ್ಕುವ ಬಣ್ಣ ಹೊಡೆದರು. ಹಳೆಯ ಸಿನಿಮಾಗಳಲ್ಲಿ ಗ್ಯಾಂಡಾಲ್ಫ್‌ನನ್ನು ಕ್ಯಾಮೆರಾಗೆ ಹತ್ತಿರ, ಹಾಬಿಟ್‌ನನ್ನು ದೂರ ಕೂರಿಸಿ ದೊಡ್ಡವನು ಸಣ್ಣವನು ಮಾಡುತ್ತಿದ್ದರು. ತ್ರೀಡಿಯಲ್ಲಿ ಆ ಉಪಾಯ ತಕ್ಷಣ ಗೊತ್ತಾಗಿಬಿಡುತ್ತದೆ. ಹಾಗಾಗಿ ಔತಣದ ದೃಶ್ಯಕ್ಕೆ ಗ್ಯಾಂಡಾಲ್ಫ್ ಪಾತ್ರದ ಇಯಾನ್ ಮೆಕೆಲನ್ ಅವರನ್ನು ಹಸಿರು ಗೋಡೆಗಳ ನಡುವೆ ಒಬ್ಬರನ್ನೇ ಕೂರಿಸಿದರು. ಸುತ್ತ ಕಂಬಗಳ ಮೇಲೆ ಕುಳ್ಳರ ಫೋಟೊ. ಯಾರು ಮಾತಾಡುತ್ತಾರೋ ಅವರ ಫೋಟೊ ಹತ್ತಿರ ಲೈಟ್ ಹೊತ್ತಿಕೊಳ್ಳುತ್ತದೆ, ಇವರು ಆ ಲೈಟಿಗೆ ಮಾತಾಡಬೇಕು. ಆಗ ಅವರು 70 ದಾಟಿದ ಕಲಾವಿದ. ಕಣ್ಣೀರು ಹಾಕಿದೆ, ಮೈಕ್ ಆನ್ ಇದ್ದದ್ದು ಮರೆತಿದ್ದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಎಲ್ಲರೂ ಲ್ಯಾಗ್ ಅನ್ನುವ ಆ ಔತಣದ ಹಿಂದೆ ಇಷ್ಟೆಲ್ಲ ಇತ್ತು.

ಕೆಲಸದ ಹೊರೆಯೂ ಸಣ್ಣದಲ್ಲ. ಸೆಕೆಂಡಿಗೆ 48, ಎರಡು ಕಣ್ಣಿಗೆ ಬೇರೆ ಬೇರೆ, ಅಲ್ಲಿಗೆ 96 ಚಿತ್ರ. ಮೊದಲ ಭಾಗವೊಂದರಲ್ಲೇ ಹತ್ತಿರ ಹತ್ತಿರ ಹತ್ತು ಲಕ್ಷ ಚಿತ್ರಗಳು. ಇದರ ನಡುವೆ ಯೋಜನೆ ಬದಲಾಗುತ್ತಿತ್ತು. ಆಜೋಗ್‌ನನ್ನು ಮೊದಲು ಮೇಕಪ್ ಹಾಕಿದ ನಟನಿಂದ ಮಾಡಿಸಿ, ಆಮೇಲೆ ತಡವಾಗಿ ಪೂರ್ತಿ ಗ್ರಾಫಿಕ್ಸ್‌ಗೆ ಬದಲಾಯಿಸಿದರು. ಹಳೆಯ ಮೂರು ಸಿನಿಮಾದಲ್ಲಿ ಕೋಟೆ ಕೊತ್ತಲಗಳ ದೊಡ್ಡ ದೊಡ್ಡ ಮಾದರಿ ಕಟ್ಟಿ ಶೂಟ್ ಮಾಡಿದ್ದರು, ಇಲ್ಲಿ ಅದೆಲ್ಲ ಕಂಪ್ಯೂಟರ್‌ಗೆ ಹೋಯಿತು. 2015ರಲ್ಲಿ ಕೊನೆಯ ಭಾಗದ ಉದ್ದನೆಯ ಆವೃತ್ತಿಯ ಡಿಸ್ಕ್ ಬಂತು. ತಯಾರಿಗೆ ಸಮಯವೇ ಸಿಗಲಿಲ್ಲ, ಎಷ್ಟೋ ದಿನ ಏನು ಮಾಡಬೇಕು ಅಂತ ಗೊತ್ತಿಲ್ಲದೆ ಸೆಟ್‌ಗೆ ಹೋಗುತ್ತಿದ್ದೆ ಅಂತ ಅದರಲ್ಲಿ ಜಾಕ್ಸನ್ ಬಾಯಿಬಿಟ್ಟರು. ಯುದ್ಧದ ದೃಶ್ಯ ಹೇಗಿರಬೇಕು ಅಂತ ಹೊಳೆಯದೆ ಅದರ ಶೂಟಿಂಗನ್ನೇ ಮುಂದಕ್ಕೆ ಹಾಕಿದ್ದರು. ಎರಡು ಜಗಳ ಕೂಡುವುದು ಇಲ್ಲಿ ಅಂತ ನನಗನ್ನಿಸುತ್ತದೆ. 48 ಫ್ರೇಮ್ ಕಥೆಯನ್ನು ಎಳೆಯಲಿಲ್ಲ. ಅವಸರದ ಕೆಲಸವನ್ನು ಮುಚ್ಚಿಡಲು 24ರ ಮಸುಕು ಇರಲಿಲ್ಲ, ಅಷ್ಟೇ.

ದುಡ್ಡಿಗೇನೂ ತೊಂದರೆ ಆಗಲಿಲ್ಲ, ಮೊದಲ ಭಾಗ ನೂರು ಕೋಟಿ ಡಾಲರ್ ದಾಟಿತು. ಮೂರೂ ಭಾಗ 48ರಲ್ಲಿ ಬಂದವು. ಆದರೆ ಬೇರೆ ನಿರ್ದೇಶಕರು ಹಿಂದೆ ಬರಲಿಲ್ಲ. ಆಂಗ್ ಲೀ 2016ರಲ್ಲೂ 2019ರಲ್ಲೂ 120 ಫ್ರೇಮ್ ಪ್ರಯತ್ನಿಸಿದರು, ಆ ವೇಗದಲ್ಲಿ ತೋರಿಸುವ ಥಿಯೇಟರ್‌ಗಳೇ ಬೆರಳೆಣಿಕೆ. 2022ರ ಡಿಸೆಂಬರ್‌ನಲ್ಲಿ ಜೇಮ್ಸ್ ಕ್ಯಾಮರೂನ್ ಬುದ್ಧಿವಂತಿಕೆ ಮಾಡಿದರು. ಎರಡನೇ ‘ಅವತಾರ್’ನಲ್ಲಿ ನೀರೊಳಗೆ ಈಜುವಾಗ, ಹಾರುವಾಗ 48, ಕೂತು ಮಾತಾಡುವಾಗ ಅದೇ ಫ್ರೇಮನ್ನು ಎರಡೆರಡು ಸಲ ತೋರಿಸಿ 24. ಕನ್ನಡಕ್ಕೂ ಡಬ್ ಆಗಿ ಬಂದ ಸಿನಿಮಾ ಅದು, ಹೆಚ್ಚು ಫ್ರೇಮ್‌ನ ಪರದೆಯಲ್ಲಿ ನೋಡಿದವರಲ್ಲಿ ಕೆಲವರಿಗೆ ಬದಲಾವಣೆ ಗೊತ್ತೇ ಆಗಲಿಲ್ಲ, ಇನ್ನು ಕೆಲವರು ಚಿತ್ರ ನಡುನಡುವೆ ವಿಡಿಯೊ ಗೇಮ್ ಆಗುತ್ತದೆ ಅಂದರು. ಹೊಸ ಟಿವಿಗಳಂತೂ ಇಲ್ಲದ ಫ್ರೇಮುಗಳನ್ನು ತಾವೇ ಸೃಷ್ಟಿಸಿ ಎಲ್ಲ ಸಿನಿಮಾವನ್ನೂ ಸೀರಿಯಲ್ ಮಾಡಿಬಿಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಅಂತ 2018ರಲ್ಲಿ ಟಾಮ್ ಕ್ರೂಸ್ ವಿಡಿಯೊ ಮಾಡಿ ಕೇಳಿಕೊಂಡಿದ್ದರು.

ಗತಿಯ ಜಗಳಕ್ಕೆ ಅಭಿಮಾನಿಗಳು ತಾವೇ ಕತ್ತರಿ ಹಿಡಿದರು. ಮೂರನೇ ಭಾಗ ಬಂದು ತಿಂಗಳು ಕಳೆಯುವ ಹೊತ್ತಿಗೆ, 2015ರ ಜನವರಿಯಲ್ಲೇ, ಮೂರನ್ನೂ ಸೇರಿಸಿ ನಾಲ್ಕು ಗಂಟೆ ಚಿಲ್ಲರೆಗೆ ಇಳಿಸಿದ ಆವೃತ್ತಿ ಓಡಾಡತೊಡಗಿತು, ಆಮೇಲೆ ಅಂಥವು ಇನ್ನೂ ಬಂದವು. ಟೌರಿಯಲ್ ಪ್ರೇಮ ಮಾಯ, ಬಿಳಿ ಆಜೋಗ್ ಹಿಂದಕ್ಕೆ, ಬಿಲ್ಬೋ ಮುಂದಕ್ಕೆ. ಕೂತು ನೋಡಿದರೆ ಒಳಗೆ ಒಂದು ಒಳ್ಳೆ ಸಿನಿಮಾ ಇತ್ತು ಅಂತ ಒಪ್ಪಬೇಕಾಗುತ್ತದೆ. 48ರ ವಿಷಯದಲ್ಲಿ ಹಾಗೆ ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲ. ಬ್ಲೂ-ರೇ ಡಿಸ್ಕಿನಲ್ಲಿ 48 ಫ್ರೇಮ್‌ಗೆ ಜಾಗವೇ ಇಲ್ಲ. ಹಾಗಾಗಿ ಮನೆಗೆ ಬಂದದ್ದೆಲ್ಲ 24ರ ಪ್ರತಿಯೇ, ಅಭಿಮಾನಿಗಳ ಕತ್ತರಿ ಆಡಿದ್ದೂ ಅದರ ಮೇಲೆಯೇ. ಆ ಚಳಿಗಾಲಗಳಲ್ಲಿ ಸರಿಯಾದ ಥಿಯೇಟರ್‌ಗೆ ಹೋಗದವರು 48ರ ಹಾಬಿಟ್ಟನ್ನು ನೋಡಿಯೇ ಇಲ್ಲ. ಇವತ್ತು ಅದರ ಪರ ವಿರೋಧ ಕಿತ್ತಾಡುವವರಲ್ಲಿ ಅಂಥವರೂ ಧಾರಾಳವಾಗಿ ಇದ್ದಾರೆ.