ಲೋಟಸ್ ಟೆಂಪಲ್ ಒಳಗೆ ದೇವರೇ ಇಲ್ವಲ್ಲ, ಅದು ಎಂಥ ದೇವಸ್ಥಾನ?

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ದೆಹಲಿ, ಆಗ್ರಾ ಟೂರ್‌ಗೆ ಹೋಗಿದ್ದೆವು. ಲೋಟಸ್ ಟೆಂಪಲ್ ಮುಂದೆ ಅರ್ಧ ಗಂಟೆ ಕ್ಯೂ ನಿಂತೆವು. ಚಪ್ಪಲಿ ಬಿಟ್ಟು ಒಳಗೆ ಹೋದರೆ ದೊಡ್ಡ ಖಾಲಿ ಹಾಲ್, ಸಾಲು ಬೆಂಚು, ಅಷ್ಟೇ. ಮೂರ್ತಿ ಇಲ್ಲ, ಪೂಜಾರಿ ಇಲ್ಲ, ಗಂಟೆಯೂ ಇಲ್ಲ. ಐದು ನಿಮಿಷಕ್ಕೆ ಹೊರಗೆ ಬಂದೆವು. "ದೇವರೇ ಇಲ್ದಿರೋ ದೇವಸ್ಥಾನ ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ?" ಅಂತ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿ ನೋಡಬೇಕಾಗಿದ್ದು ಏನು?

ಉತ್ತರ: ನಿಮ್ಮ ಅಮ್ಮ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಾನು ಮೊದಲ ಸಲ ಹೋದಾಗಲೂ ಹೀಗೇ ಆಗಿತ್ತು. ಬಸ್ಸಿನ ಗೈಡ್ ನಲವತ್ತು ನಿಮಿಷ ಕೊಟ್ಟಿದ್ದ. ಮೂವತ್ತು ಕ್ಯೂಗೇ ಹೋಯಿತು. ಒಳಗೆ ತಲೆಯೆತ್ತಿ ಒಂದು ಸಲ ನೋಡಿದೆ, ಹೊರಗೆ ಬಂದು ಫೋಟೊ ತೆಗೆಸಿಕೊಂಡೆ, ಬಸ್ ಹತ್ತಿದೆ. ಎರಡನೇ ಸಲ ಒಬ್ಬನೇ ಮೆಟ್ರೊದಲ್ಲಿ ಹೋಗಿ ಸುಮ್ನೆ ಕೂತೆ. ಆ ಹಾಲ್ ಖಾಲಿ ಉಳಿದಿಲ್ಲ, ಬೇಕಂತಲೇ ಖಾಲಿ ಇಟ್ಟಿದ್ದಾರೆ ಅನ್ನುವುದು ಆಗ ಅರ್ಥವಾಯಿತು.

ಲೋಟಸ್ ಟೆಂಪಲ್, ಕಮಲ ಮಂದಿರ ಅನ್ನುವುದೆಲ್ಲ ಜನರ ಬಾಯಲ್ಲಿ ನಿಂತ ಹೆಸರು. ಅದು ಬಹಾಯಿ ಧರ್ಮದವರ ಪ್ರಾರ್ಥನಾ ಮಂದಿರ. ಅವರು ಕರೆಯುವ ಹೆಸರು ಮಶ್ರಿಕುಲ್ ಅಜ್ಕಾರ್. ದೇವರ ಸ್ಮರಣೆ ಉದಯವಾಗುವ ಜಾಗ ಅಂತ ಅರ್ಥ. ಕಮಲ ಅಂದ ತಕ್ಷಣ ಪಕ್ಷದ ಚಿಹ್ನೆ ನೆನಪಾಗುವವರೂ ಇದ್ದಾರೆ, ಅವರಿಗೆ ಒಂದು ಮಾತು: ಈ ವಿನ್ಯಾಸದ ಹೊಣೆಯನ್ನು ವಾಸ್ತುಶಿಲ್ಪಿಗೆ ಒಪ್ಪಿಸಿದ್ದು 1976ರಲ್ಲಿ, ಬಿಜೆಪಿ ಹುಟ್ಟಿದ್ದು 1980ರಲ್ಲಿ. ಬಹಾಯಿಗಳು ಪಕ್ಷ ರಾಜಕೀಯಕ್ಕೆ ಇಳಿಯುವ ಹಾಗೇ ಇಲ್ಲ.

ಈ ಧರ್ಮ ಹುಟ್ಟಿದ್ದು ಇರಾನಿನಲ್ಲಿ, ಅದೂ ತೀರಾ ಈಚೆಗೆ. 1844ರಲ್ಲಿ ಶಿರಾಜ್ ಊರಿನ ಒಬ್ಬ ಯುವ ವ್ಯಾಪಾರಿ, ದೇವರ ಹೊಸ ದೂತನೊಬ್ಬ ಬರಲಿದ್ದಾನೆ ಎಂದು ಸಾರಿದರು. ಅವರನ್ನು ಬಾಬ್ ಅಂದರು, ಅಂದರೆ ಬಾಗಿಲು. 1850ರಲ್ಲಿ ತಬ್ರೀಜ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅವರ ಅನುಯಾಯಿಯಾಗಿದ್ದ, 1817ರಲ್ಲಿ ತೆಹರಾನಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಬಹಾಉಲ್ಲಾ, ಆ ದೂತ ತಾನೇ ಎಂದು 1863ರಲ್ಲಿ ಬಾಗ್ದಾದ್‌ನಲ್ಲಿ ಹೇಳಿದರು. ಅವರ ಬದುಕಿನ ಕೊನೆಯ ನಲವತ್ತು ವರ್ಷ ಸೆರೆ ಮತ್ತು ಗಡಿಪಾರಿನಲ್ಲೇ ಕಳೆಯಿತು. ಬಾಗ್ದಾದ್, ಇಸ್ತಾಂಬುಲ್, ಎಡಿರ್ನೆ, ಕೊನೆಗೆ ಈಗಿನ ಇಸ್ರೇಲಿನ ಕಡಲ ದಂಡೆಯ ಅಕ್ಕಾ ಎಂಬ ಜೈಲಿನ ಊರು. 1892ರಲ್ಲಿ ಅಲ್ಲೇ ಹತ್ತಿರದಲ್ಲಿ ತೀರಿಕೊಂಡರು. ಅದಕ್ಕೇ ಬಹಾಯಿಗಳ ವಿಶ್ವ ಕೇಂದ್ರ ಅಕ್ಕಾ ಹತ್ತಿರದ ಹೈಫಾದಲ್ಲಿದೆ. ಇರಾನಿನಲ್ಲಿ ಅವರಿಗೆ ಇಂದಿಗೂ ನೆಮ್ಮದಿಯಿಲ್ಲ. 1979ರ ಕ್ರಾಂತಿಯ ನಂತರ 200ಕ್ಕೂ ಹೆಚ್ಚು ಬಹಾಯಿಗಳನ್ನು ಅಲ್ಲಿ ಕೊಂದಿದ್ದಾರೆ.

ಹಾಗಾದರೆ ಇದು ಇಸ್ಲಾಮಿನ ಒಂದು ಪಂಗಡವಾ? ಅಲ್ಲ, ಬೇರೆಯೇ ಧರ್ಮ. ದೇವರು ಒಬ್ಬನೇ, ಆದರೆ ಕಾಲಕಾಲಕ್ಕೆ ಒಬ್ಬೊಬ್ಬ ಗುರುವನ್ನು ಕಳಿಸುತ್ತಾನೆ ಅನ್ನುವುದು ಇವರ ನಂಬಿಕೆಯ ತಿರುಳು. ಕೃಷ್ಣ, ಬುದ್ಧ, ಜರತುಷ್ಟ್ರ, ಮೋಶೆ, ಯೇಸು, ಮಹಮ್ಮದ್ ಎಲ್ಲರೂ ಆ ಸಾಲಿನಲ್ಲಿ ಬರುತ್ತಾರೆ. ಒಂದೇ ಶಾಲೆ, ತರಗತಿಗೊಬ್ಬ ಮೇಷ್ಟ್ರು ಇದ್ದ ಹಾಗೆ. ಇನ್ನೊಂದು ವಿಷಯ, ಇವರಲ್ಲಿ ಪುರೋಹಿತರೇ ಇಲ್ಲ. ಊರಿನ ಆಡಳಿತವನ್ನು ಒಂಬತ್ತು ಜನರ ಸಭೆ ನೋಡಿಕೊಳ್ಳುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಚುನಾವಣೆ. ನಾಮಪತ್ರವೂ ಇಲ್ಲ, ಪ್ರಚಾರವೂ ಇಲ್ಲ, ಗುಟ್ಟಿನ ಚೀಟಿ ಮಾತ್ರ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಚುನಾವಣೆ ನೋಡಿದವರಿಗೆ ಇದನ್ನು ನಂಬುವುದು ಸ್ವಲ್ಪ ಕಷ್ಟ.

ಈಗ ಆ ಖಾಲಿ ಹಾಲ್‌ಗೆ ಬರೋಣ. ಬಹಾಯಿ ಮಂದಿರ ಕಟ್ಟುವವರಿಗೆ ಕೆಲವು ಕಟ್ಟುಪಾಡುಗಳಿವೆ. ಕಟ್ಟಡಕ್ಕೆ ಒಂಬತ್ತು ಮುಖ ಇರಬೇಕು. ಒಳಗೆ ಚಿತ್ರ, ವಿಗ್ರಹ ಕೂಡದು. ಪೀಠ ಹಾಕಿ ಪ್ರವಚನ ಮಾಡುವಂತಿಲ್ಲ. ಆರತಿ, ಅಭಿಷೇಕದಂಥ ವಿಧಿಗಳಿಲ್ಲ. ವಾದ್ಯ ನುಡಿಸುವಂತಿಲ್ಲ. ಧರ್ಮಗ್ರಂಥಗಳನ್ನು ಓದಬಹುದು, ಹಾಡಬಹುದು. ಅದು ಗೀತೆಯಾದರೂ ಸರಿ, ಕುರಾನ್ ಆದರೂ ಸರಿ, ಬೈಬಲ್ ಆದರೂ ಸರಿ. ಆದರೆ ಬರೀ ಮನುಷ್ಯನ ದನಿಯಲ್ಲಿ.

ಇಷ್ಟೆಲ್ಲ ತೆಗೆದ ಮೇಲೆ ವಾಸ್ತುಶಿಲ್ಪಿಯ ಕೈಯಲ್ಲಿ ಉಳಿಯುವುದು ಮೂರೇ: ಆಕಾರ, ಬೆಳಕು, ದನಿ. ನೀವು ಅಲ್ಲಿ ನೋಡಬೇಕಾಗಿದ್ದದ್ದೂ ಅವನ್ನೇ.

ಒಂಬತ್ತೇ ಯಾಕೆ? ಅರಬ್ಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಬೆಲೆಯಿದೆ. ಕರ್ನಾಟಕ ಸಂಗೀತದಲ್ಲಿ ಮೇಳಕರ್ತ ರಾಗದ ಹೆಸರಿನ ಅಕ್ಷರಗಳಿಂದ ಅದರ ನಂಬರ್ ಹಿಡಿಯಲು ನಾವು ಕಟಪಯಾದಿ ಲೆಕ್ಕ ಹಾಕುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. 'ಬಹಾ' ಅನ್ನುವ ಪದದ ಅಕ್ಷರಗಳನ್ನು ಕೂಡಿದರೆ 2, 5, 1, 1, ಒಟ್ಟು 9. ಒಂಟಿ ಅಂಕಿಗಳಲ್ಲಿ ಅದೇ ದೊಡ್ಡದು, ಹಾಗಾಗಿ ಎಲ್ಲವನ್ನೂ ಒಳಗೊಂಡದ್ದು ಎಂಬ ಅರ್ಥವೂ ಸೇರಿಕೊಂಡಿದೆ. ದೆಹಲಿಯ ಮಂದಿರದಲ್ಲಿ ಒಂಬತ್ತು ಬಾಗಿಲು, ಸುತ್ತ ಒಂಬತ್ತು ಕೊಳ, ಒಂಬತ್ತರ ಮೂರು ಸುತ್ತು ಸೇರಿ 27 ದಳ.

ವಿನ್ಯಾಸ ಇರಾನಿನ ಫರಿಬೋರ್ಜ್ ಸಹಬಾ ಅವರದು. ಕೆಲಸ ಒಪ್ಪಿಕೊಂಡ ಮೇಲೆ ಅವರು ಭಾರತದ ಹಳೆಯ ಕಟ್ಟಡಗಳನ್ನು ನೋಡುತ್ತಾ ಊರೂರು ಸುತ್ತಿದರು. ಧರ್ಮ ಯಾವುದಾದರೂ ಸರಿ, ತಾವರೆ ಎಲ್ಲೆಲ್ಲೂ ಕಣ್ಣಿಗೆ ಬಿತ್ತು. ನಮಗೆ ಇದೇನು ಹೊಸದಲ್ಲ. ಬೇಲೂರಿನ ಭುವನೇಶ್ವರಿ ಅಂದರೆ ಛಾವಣಿಯ ನಡುವೆ ತಲೆಕೆಳಗಾಗಿ ಇಳಿಬಿದ್ದ ಕಮಲದ ಮೊಗ್ಗು ತಾನೇ?

ದಳಗಳನ್ನು ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋಗಿ. ಮೊದಲ ಒಂಬತ್ತು ಹೊರಕ್ಕೆ ಬಾಗಿ, ಬಾಗಿಲುಗಳ ಮೇಲೆ ಮಾಡಿನ ಹಾಗೆ ನಿಂತಿವೆ. ನಡುವಿನ ಒಂಬತ್ತು ಒಳಕ್ಕೆ ಬಾಗಿ ಹಾಲ್‌ನ ಸುತ್ತಿನ ಜಾಗವನ್ನು ಮುಚ್ಚುತ್ತವೆ. ಒಳಗಿನ ಒಂಬತ್ತು ಇನ್ನೂ ಪೂರ್ತಿ ಅರಳದ ಮೊಗ್ಗು. ಆ ಮೊಗ್ಗಿನ ಬಾಯಿ ಮುಚ್ಚಿಲ್ಲ. ಅಲ್ಲಿ ಗಾಜು ಮತ್ತು ಉಕ್ಕಿನ ಛಾವಣಿ ಇದೆ. ಬೆಳಕು ಆ ಕಡೆಯಿಂದ ಇಳಿಯುತ್ತದೆ, ನಿಜವಾದ ತಾವರೆಯ ಎಸಳುಗಳ ನಡುವೆ ಇಳಿದ ಹಾಗೆ. 34 ಮೀಟರ್ ದಾಟುವ ಎತ್ತರದಿಂದ ಇಳಿಯುವಷ್ಟರಲ್ಲಿ ಅದು ತುಂಬಾ ಮೆತ್ತಗಾಗಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಕಣ್ಣು ಕುಕ್ಕುವುದಿಲ್ಲ.

ಕಟ್ಟಿದ ಕಥೆ ನನಗೆ ಇನ್ನೂ ಇಷ್ಟ. 1980ರಲ್ಲಿ ಶುರುವಾದ ಈ ಕೆಲಸ ಮಾಡಿದ್ದು ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಕಟ್ಟಡ ವಿಭಾಗ. ದಳಗಳು ತೆಳುವಾದ ಕಾಂಕ್ರೀಟ್ ಚಿಪ್ಪುಗಳು, ಅದೂ ಬಿಳಿ ಸಿಮೆಂಟಿನದು. ಒಳಗಡೆ ಆ ಕಾಂಕ್ರೀಟ್ ಹಾಗೇ ಕಾಣಬೇಕು, ಗಾರೆ ಬಳಿದು ತಪ್ಪು ಮುಚ್ಚುವಂತಿಲ್ಲ. ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ಜೋಡಣೆಯ ಗೆರೆ ಬಿದ್ದೇ ಬೀಳುತ್ತದೆ. ಅದಕ್ಕೆ ಒಂದು ದಳ ಶುರು ಮಾಡಿದರೆ ಮುಗಿಯುವ ತನಕ, ಸುಮಾರು 48 ಗಂಟೆ, ಹಗಲು ರಾತ್ರಿ ನಿಲ್ಲಿಸದೆ ಕಾಂಕ್ರೀಟ್ ಸುರಿದರು. ದೆಹಲಿಯ ಸುಡು ಬಿಸಿಲಿಗೆ ಕಾಂಕ್ರೀಟ್ ಬಿರುಕು ಬಿಡಬಾರದೆಂದು ಕಲಸುವಾಗ ಐಸ್ ಹಾಕಿದರು. ಮುಂದೆ ತುಕ್ಕಿನ ಕೆಂಪು ಕಲೆ ಬಿಳಿ ಗೋಡೆಗೆ ಇಳಿಯಬಾರದೆಂದು ಒಳಗಿನ ಕಂಬಿಗಳಿಗೆ, ಕಟ್ಟುವ ತಂತಿಗೂ ಸೇರಿ, ಸತುವಿನ ಲೇಪ ಕೊಡಿಸಿದರು. ಇಷ್ಟೆಲ್ಲ ಲೆಕ್ಕಾಚಾರದ ಕಾಂಕ್ರೀಟ್ ಮೇಲೆ ಹತ್ತಿದ್ದು ಹೇಗೆ ಅಂತೀರಿ? ಹೆಣ್ಣಾಳುಗಳ ತಲೆಯ ಮೇಲೆ, ಬುಟ್ಟಿಯಲ್ಲಿ, ಮೆಟ್ಟಿಲು ಹತ್ತಿ.

ಹೊರಗಿನ ಅಮೃತಶಿಲೆ ಗ್ರೀಸ್‌ನ ಪೆಂಟೆಲಿ ಬೆಟ್ಟದ್ದು. ಅಥೆನ್ಸ್‌ನ ಪಾರ್ಥೆನಾನ್ ಎಂಬ ಪ್ರಾಚೀನ ದೇಗುಲ ಕಟ್ಟಿದ್ದೂ ಅದೇ ಬೆಟ್ಟದ ಕಲ್ಲಲ್ಲಿ. ಅದನ್ನು ಇಟಲಿಯಲ್ಲಿ ದಳದ ಬಾಗಿಗೆ ತಕ್ಕಂತೆ ಕೊಯ್ಸಿ ತಂದು ಇಲ್ಲಿ ಜೋಡಿಸಿದರು. ಕೊಳಗಳು ಬರೀ ಅಂದಕ್ಕಲ್ಲ. ನೀರಿನ ಮೇಲೆ ಹಾದು ತಂಪಾದ ಗಾಳಿ ತಳದಿಂದ ಒಳಗೆ ಬರುತ್ತದೆ, ಬಿಸಿಯಾದ ಗಾಳಿ ನೆತ್ತಿಯಿಂದ ಹೊರಗೆ ಹೋಗುತ್ತದೆ. ಹಳ್ಳಿ ಮನೆಯ ಹೊಗೆಗೂಡು ಮಾಡುವ ಕೆಲಸವೇ ಇದು. 1986ರ ಡಿಸೆಂಬರ್‌ನಲ್ಲಿ ಮಂದಿರ ಲೋಕಾರ್ಪಣೆಯಾಯಿತು, ಹೊಸ ವರ್ಷಕ್ಕೆ ಎಲ್ಲರಿಗೂ ಬಾಗಿಲು ತೆರೆಯಿತು.

ದುಡ್ಡಿನ ವಿಷಯ ನಿಮ್ಮ ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ. ಅಲ್ಲಿ ಹುಂಡಿ ಇರಲಿಲ್ಲ, ಗಮನಿಸಿದಿರಾ? ಟಿಕೆಟ್ ಕೂಡ ಇಲ್ಲ. ಬಹಾಯಿಗಳು ತಮ್ಮ ಧರ್ಮದ ಕೆಲಸಕ್ಕೆ ಬೇರೆಯವರ ಕಾಸು ತೆಗೆದುಕೊಳ್ಳುವುದಿಲ್ಲ. ನೀವು ಕೊಡುತ್ತೇನೆ ಅಂದರೂ ಬೇಡ ಅನ್ನುತ್ತಾರೆ. ಈ ಜಾಗ ಕೊಳ್ಳಲು 1953ರಲ್ಲಿ ನೆರವಾದದ್ದು ಅರ್ದಶೀರ್ ರುಸ್ತಂಪುರ್ ಎಂಬ ಬಹಾಯಿ. ನಮ್ಮ ಪಕ್ಕದ ಹೈದರಾಬಾದ್ ಅಲ್ಲ, ಸಿಂಧ್‌ನ ಹೈದರಾಬಾದ್‌ನವರು. ಜೀವಮಾನದ ಉಳಿತಾಯವನ್ನೆಲ್ಲ ಇದಕ್ಕೇ ಕೊಟ್ಟುಬಿಟ್ಟರು.

ಮತ್ತೆ ಹೋಗುವುದಾದರೆ ಟೂರ್ ಬಸ್ ಬೇಡ. ಕಾಲ್ಕಾಜಿ ಮಂದಿರ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಸೋಮವಾರ ರಜೆ. ದಿನಕ್ಕೆ ಕೆಲವು ಸಲ ಪ್ರಾರ್ಥನೆ ಇರುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ 10, ಮಧ್ಯಾಹ್ನ 12, 3 ಮತ್ತು ಸಂಜೆ 5 ಗಂಟೆಗೆ. ಹೊರಡುವ ಮುಂಚೆ ಸಮಯ ಒಮ್ಮೆ ನೋಡಿಕೊಳ್ಳಿ. ಆ ಹೊತ್ತಿಗೇ ಒಳಗಿರಿ. ಬಾಗಿಲ ಹತ್ತಿರ ಸ್ವಯಂಸೇವಕರು ಗುಂಪನ್ನು ನಿಲ್ಲಿಸಿ ನಾಲ್ಕು ಮಾತು ಹೇಳುತ್ತಾರೆ: ಮಾತಾಡಬೇಡಿ, ಒಳಗೆ ಫೋಟೊ ಬೇಡ. ಚಪ್ಪಲಿಗೆ ಚೀಲ ಕೊಡುತ್ತಾರೆ, ಇಡೀ ಮನೆಯವರದ್ದೂ ಒಂದರಲ್ಲೇ ಹಿಡಿಯುತ್ತದೆ. ಬೇಸಿಗೆಯಲ್ಲಿ ಕಾಲ್ಚೀಲ ಹಾಕಿಕೊಂಡರೆ ಒಳ್ಳೆಯದು. ಆಮೇಲೆ ಮಾಹಿತಿ ಕೇಂದ್ರವನ್ನೂ ನೋಡಿ. ಹೆಚ್ಚಿನವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಒಳಗೆ ಒಂದು ಬೆಂಚಿನಲ್ಲಿ ಕೂತು ಮೇಲೆ ನೋಡಿ. ಕಾಂಕ್ರೀಟ್ ಪಕ್ಕೆಗಳು ಒಂದನ್ನೊಂದು ಹಾಯುತ್ತಾ ನೆತ್ತಿಗೆ ಹೋಗಿ ಸೇರುತ್ತವೆ. ಅಲ್ಲಿ ಅರಬ್ಬಿ ಲಿಪಿಯಲ್ಲಿ ಒಂದು ಬರಹವಿದೆ, ದೇವರನ್ನು ಮಹಿಮೆಗಳ ಮಹಿಮೆಯೇ ಎಂದು ಕರೆಯುವ ಮಾತು ಅದು. ಯಾರೋ ಒಬ್ಬರು ಎದ್ದು ಮೈಕ್ ಮುಂದೆ ನಿಂತು ಓದಲು ಶುರು ಮಾಡುತ್ತಾರೆ. ಕೆಲವೊಮ್ಮೆ ಹಾಡುತ್ತಾರೆ. ಶ್ರುತಿಪೆಟ್ಟಿಗೆ ಇಲ್ಲ, ತಾಳವಿಲ್ಲ. ಗೋಳಗುಮ್ಮಟದಲ್ಲಿ ನಾವು ಕೂಗಿ ಕೂಗಿ ದನಿಯನ್ನು ಆಟಕ್ಕೆ ಹಚ್ಚುತ್ತೇವೆ. ಇಲ್ಲಿ ಎಲ್ಲರೂ ಸುಮ್ಮನಿದ್ದಾರೆ, ಆ ಒಂದೇ ದನಿ ಮೇಲೆ ಹೋಗಿ ನಿಧಾನವಾಗಿ ಕೆಳಗೆ ಬರುತ್ತದೆ. 1,300 ಜನ ಕೂರುವ ಹಾಲ್‌ನಲ್ಲಿ ಒಂದು ಮಗು ಕೆಮ್ಮಿದರೂ ಕೇಳಿಸುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಎಲ್ಲ ಬಹಾಯಿ ಮಂದಿರಗಳೂ ಕಮಲದಂತಿಲ್ಲ. ಅಮೆರಿಕದ ವಿಲ್ಮೆಟ್‌ನದು ಕಸೂತಿ ಹಾಕಿದಂಥ ಗುಮ್ಮಟ, 1953ರದು. ಚಿಲಿಯ ಸ್ಯಾಂಟಿಯಾಗೊದ್ದು ಗಾಜು ಮತ್ತು ಬೆಳಕು ಹಾಯುವ ಅಮೃತಶಿಲೆಯದು, 2016ರದು. ಬಿಹಾರದ ಬಿಹಾರ್ ಶರೀಫ್‌ನಲ್ಲೂ ಒಂದು ಕಟ್ಟುವುದಾಗಿ 2012ರಲ್ಲಿ ಘೋಷಿಸಿದ್ದಾರೆ. ರೂಪ ಆಯಾ ಊರಿನದು, ಒಂಬತ್ತು ಮತ್ತು ಖಾಲಿತನ ಮಾತ್ರ ಎಲ್ಲ ಕಡೆಯೂ ಒಂದೇ.

ನಿಮ್ಮ ಪತ್ರದ ಕೊನೆಗೆ ಅಮ್ಮನ ಇನ್ನೊಂದು ಪ್ರಶ್ನೆಯೂ ಇತ್ತು: ಮುಂದಿನ ಸಲ ಹೋದರೆ ಅಲ್ಲಿ ಕೂತು ವಿಷ್ಣು ಸಹಸ್ರನಾಮ ಹೇಳಿಕೊಂಡರೆ ಯಾರಾದರೂ ಏನಾದರೂ ಅಂತಾರಾ ಅಂತ. ಯಾರೂ ಏನೂ ಅನ್ನುವುದಿಲ್ಲ. ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಅಷ್ಟೇ. ಆದರೆ ಸಾವಿರ ಹೆಸರು ಮುಗಿಯುವ ತನಕ ನೀವೂ ಪಕ್ಕದಲ್ಲಿ ಕೂತಿರಬೇಕಾಗುತ್ತದೆ.