ಪದ ಪರಿಚಯ: ಚೇತರಿಕೆ ಶಕ್ತಿ (ದಮ್ಮಿನ ಕಾಯಿಲೆಯವರ ಮಟ್ಟಿಗೆ)

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಗಾಳಿಯ ಹರಿವಿಗೆ ಅಡ್ಡಿಯಾಗುವ ಕಾಯಿಲೆ), ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಕಾಯಿಲೆ), ಶ್ವಾಸಕೋಶ ಕಲೆಗಟ್ಟಿ ಗಡುಸಾಗುವ ಫೈಬ್ರೋಸಿಸ್‌ನಂಥ ಕಾಯಿಲೆಗಳು ಒಮ್ಮೆ ಬಂದರೆ ಜೊತೆಗೇ ಇರುತ್ತವೆ. ಅವುಗಳೊಂದಿಗೆ ಬದುಕುವವರ ವಿಷಯ ಬಂದಾಗ ವೈದ್ಯರು, ಆಪ್ತಸಮಾಲೋಚಕರು ಮನಸ್ಸಿನ ಚೇತರಿಕೆ ಶಕ್ತಿಯ ಮಾತೆತ್ತುತ್ತಾರೆ. ಪೆಟ್ಟು ಬಿದ್ದು ಕುಗ್ಗಿದ ಮನಸ್ಸು ಮತ್ತೆ ತನ್ನ ದಿನಚರಿಗೆ, ತನಗೆ ಬೇಕಾದ ಸಂಗತಿಗಳಿಗೆ ಮರಳುವುದಕ್ಕೆ ಈ ಹೆಸರು. ಕುಗ್ಗಲೇಬಾರದು ಎಂಬ ಷರತ್ತು ಇದರಲ್ಲಿಲ್ಲ. ಅಳು, ಸಿಟ್ಟು, ‘ನನಗೇ ಯಾಕೆ’ ಎಂಬ ಪ್ರಶ್ನೆ ಎಲ್ಲಕ್ಕೂ ಜಾಗವಿದೆ. ‘ಧೈರ್ಯವಾಗಿರಿ’ ಎಂದು ಬೆನ್ನು ತಟ್ಟಿ ಹೋಗುವವರು ಹೇಳುವುದು ಬೇರೆಯೇ ಸಂಗತಿ.

ಉಸಿರಿನ ಕಾಯಿಲೆಯಲ್ಲಿ ಮನಸ್ಸು ಮತ್ತು ದೇಹದ ನಂಟು ವಿಶೇಷವಾಗಿ ಬಿಗಿ. ಸಿಒಪಿಡಿಯನ್ನೇ ನೋಡಿ. ಇಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಬರುವುದು ಕಷ್ಟ. ಗಾಬರಿಯಾದರೆ ಉಸಿರಾಟ ಚುರುಕಾಗುತ್ತದೆ, ಉಸಿರು ಬಿಡಲು ಸಿಗುವ ಹೊತ್ತು ಕಡಿಮೆಯಾಗುತ್ತದೆ. ಹಳೆಯ ಗಾಳಿ ಒಳಗೇ ಉಳಿದು ಶ್ವಾಸಕೋಶ ಉಬ್ಬಿಕೊಂಡರೆ ಹೊಸ ಉಸಿರಿಗೆ ಜಾಗವೇ ಇರುವುದಿಲ್ಲ. ಏದುಸಿರು ಇನ್ನೂ ಹೆಚ್ಚುತ್ತದೆ, ಅದರ ಹಿಂದೆಯೇ ಗಾಬರಿಯೂ. ‘ಎಲ್ಲ ನಿನ್ನ ಮನಸ್ಸಿನಲ್ಲಿದೆ’ ಎನ್ನುವವರು ಗಮನಿಸಬೇಕಾದದ್ದು ಇದನ್ನು.

ಮೆಟ್ಟಿಲ ನಡುವೆ ದಮ್ಮು ಹತ್ತಿ ನಿಂತವರನ್ನು ನೋಡಿ. ಕೈ ಕಂಬಿಯ ಮೇಲೆ, ಹೆಗಲು ಕಿವಿಯವರೆಗೆ ಏರಿದೆ, ಮಾತು ಹೊರಡುತ್ತಿಲ್ಲ. ಆಗ ತುಸು ಮುಂದೆ ಬಾಗಿ ಕಂಬಿಗೆ ಆತುಕೊಂಡು, ಮೂಗಿನಿಂದ ಉಸಿರೆಳೆದು, ಶಿಳ್ಳೆ ಹಾಕುವವರ ಹಾಗೆ ತುಟಿ ಚೂಪು ಮಾಡಿ, ಎಳೆದುಕೊಂಡದ್ದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಉಸಿರು ಹತೋಟಿಗೆ ಬರುತ್ತದೆ. ಪುಟ್ಟ ಕೈಫ್ಯಾನಿನ ಗಾಳಿ ಮುಖಕ್ಕೆ ತಾಗಿದರೂ ಹಲವರಿಗೆ ಹಾಯೆನಿಸುತ್ತದೆ. ‘ಇದು ಬರುತ್ತದೆ, ಇಳಿಯುತ್ತದೆ’ ಎಂದು ನಾಲ್ಕಾರು ಸಲ ಅನುಭವಕ್ಕೆ ಬಂದವರಿಗೆ ಮುಂದಿನ ಸಲ ಅಷ್ಟು ದಿಗಿಲಾಗುವುದಿಲ್ಲ. ನನ್ನ ಪ್ರಕಾರ ಚೇತರಿಕೆ ಶಕ್ತಿ ಶುರುವಾಗುವುದು ಇಂಥ ಕಡೆ, ಉಪದೇಶ ಕೇಳಿ ಅಲ್ಲ.

ಹೆದರಿ ಮೆಟ್ಟಿಲು ಬಿಟ್ಟವರು ಆಮೇಲೆ ವಾಕಿಂಗ್ ಬಿಡುತ್ತಾರೆ, ಆಮೇಲೆ ನೆಂಟರ ಮನೆ. ಕಾಲಿನ ಸ್ನಾಯು ಸೊರಗಿ, ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಕಾಗುತ್ತದೆ. ಪಲ್ಮನರಿ ರಿಹ್ಯಾಬ್ ಇದನ್ನು ತಿರುವುಮುರುವು ಮಾಡುತ್ತದೆ: ಸಾಮಾನ್ಯವಾಗಿ 6ರಿಂದ 12 ವಾರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ, ಉಸಿರಾಟದ ತರಬೇತಿ, ಕಾಯಿಲೆಯ ತಿಳಿವಳಿಕೆ. ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ನಡೆಯುವ ದೂರ ಹೆಚ್ಚುತ್ತದೆ, ಏದುಸಿರು ತಗ್ಗುತ್ತದೆ, ಮನಸ್ಸೂ ಹಗುರಾಗುತ್ತದೆ.

ಜೊತೆಗೆ ಕೇಳಿಬರುವ ಇನ್ನೊಂದು ಪದ ‘ಜೀವನ ಗುಣಮಟ್ಟ’. ಸ್ಪೈರೋಮೆಟ್ರಿಯಲ್ಲಿ ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ತೋಟದ ಕೆಲಸ ಮಾಡುತ್ತಿರಬಹುದು, ಇನ್ನೊಬ್ಬರು ಮಂಚ ಬಿಟ್ಟು ಏಳದಿರಬಹುದು. ಹಾಗಾಗಿಯೇ ಪ್ರಶ್ನಾವಳಿಗಳು ಬಂದವು. ಸಿಒಪಿಡಿ ಇರುವವರಿಗಾಗಿ ಮಾಡಿದ ‘ಕ್ಯಾಟ್’ ಎಂಬ ಚಿಕ್ಕ ಪ್ರಶ್ನಾವಳಿಯಲ್ಲಿ 8 ಅಂಶಗಳಿವೆ, ಒಟ್ಟು ಅಂಕ 0ಯಿಂದ 40, ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಕೆಮ್ಮು, ಕಫ, ನಿದ್ದೆಯ ಜೊತೆಗೆ ಮನೆಯಿಂದ ಹೊರಡಲು ಧೈರ್ಯವಿದೆಯೇ ಎಂದೂ ಕೇಳುತ್ತದೆ. ಎಂಟರಲ್ಲಿ ನನಗೆ ಮುಖ್ಯವೆನಿಸುವುದು ಇದೇ.

ಚೇತರಿಕೆ ಶಕ್ತಿಯ ಮಾತಿಗೆ ಒಂದು ಅಪಾಯವೂ ಇದೆ. ‘ಅವರಿಗೆ ಮನೋಬಲವಿಲ್ಲ’ ಎಂದು ರೋಗಿಯ ಮೇಲೇ ತಪ್ಪು ಹೊರಿಸಲು ಅದು ಸುಲಭವಾಗಿ ಒದಗುತ್ತದೆ. ಈ ಕಾಯಿಲೆಗಳಲ್ಲಿ ಖಿನ್ನತೆ, ಆತಂಕ ಸಾಮಾನ್ಯ, ಅವಕ್ಕೆ ಚಿಕಿತ್ಸೆಯೂ ಇದೆ. ಎರಡು ವಾರ ಕಳೆದರೂ ಬೇಸರ ಬಿಡದೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ಹೇಳಬೇಕು. ನಿದ್ದೆ ಮಾತ್ರೆಯನ್ನು ಮಾತ್ರ ತಾವಾಗಿಯೇ ತೆಗೆದುಕೊಳ್ಳಬಾರದು, ಕೆಲವು ಮಾತ್ರೆಗಳು ಉಸಿರಾಟವನ್ನೇ ಮಂದಗೊಳಿಸುತ್ತವೆ.