ಎರಡು ಸಾಗರ ಕಂಡ ಚಂಡಮಾರುತಕ್ಕೆ ಎರಡರಷ್ಟು ಬಲ ಬರುತ್ತದಾ?

"ಅಟ್ಲಾಂಟಿಕ್‌ನಲ್ಲಿ ಹುಟ್ಟಿದ ಚಂಡಮಾರುತ ಪೆಸಿಫಿಕ್‌ಗೆ ದಾಟಿದರೆ ಎರಡೂ ಸಾಗರದ ಬಲ ಸೇರಿ ದುಪ್ಪಟ್ಟಾಗುತ್ತದಂತೆ, ಹೌದಾ?"

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ದಾಟುವುದು ನಿಜ, ದುಪ್ಪಟ್ಟಾಗುವುದು ಸುಳ್ಳು. ಈ ಸಲ ಬಿಡಿಸಿ ಹೇಳುತ್ತೇನೆ.

ಚಂಡಮಾರುತ ಬಲವನ್ನು ಗಂಟು ಕಟ್ಟಿ ಹೊತ್ತೊಯ್ಯುವುದಿಲ್ಲ. ಬೆಚ್ಚಗಿನ ಕಡಲಿನಿಂದ ಆವಿ ಏಳುತ್ತದೆ, ಮೇಲೆ ಹೋಗಿ ಮೋಡವಾಗುತ್ತದೆ, ಆಗ ಬಿಸಿ ಹೊರಬರುತ್ತದೆ. ಸುಳಿಯನ್ನು ತಿರುಗಿಸುವುದು ಆ ಬಿಸಿ. ನೆಲದ ಮೇಲೆ ಅಷ್ಟು ಆವಿ ಎಲ್ಲಿಂದ ಬರಬೇಕು? ಜೊತೆಗೆ ಗುಡ್ಡ, ಕಾಡು ಗಾಳಿಯನ್ನು ತಡೆಯುತ್ತವೆ. ಒಂದು ಒಲೆಯಲ್ಲಿ ಕುದಿಯುತ್ತಿದ್ದ ಪಾತ್ರೆಯನ್ನು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಒಲೆಗೆ ಇಟ್ಟ ಹಾಗೆ ಇದು. ಮುಂದೆ ಅದು ಎಷ್ಟು ಕುದಿಯುತ್ತದೆ ಅನ್ನುವುದು ಎರಡನೇ ಒಲೆಯ ಉರಿಗೆ ಬಿಟ್ಟದ್ದು. ಮೊದಲ ಒಲೆಯ ಉರಿ ಅದಕ್ಕೆ ಸೇರುವುದಿಲ್ಲ, ಅಲ್ವಾ?

2016ರ ನವೆಂಬರ್ 24ರಂದು ಅಟ್ಲಾಂಟಿಕ್ ಕಡೆಯಿಂದ ಬಂದ ಓಟೋ ಚಂಡಮಾರುತ ಮಧ್ಯ ಅಮೆರಿಕದ ನಿಕರಾಗುವಾ ದೇಶದ ದಕ್ಷಿಣ ತುದಿಗೆ ಅಪ್ಪಳಿಸಿತು. ಗಂಟೆಗೆ 185 ಕಿ.ಮೀ. ಗಾಳಿ, ಅಂದರೆ ಐದು ದರ್ಜೆಗಳಲ್ಲಿ 3ನೇ ದರ್ಜೆ. ಅಲ್ಲಿ ಭೂಮಿಯ ಪಟ್ಟಿ ಕಿರಿದು, ಸಾನ್ ಹುವಾನ್ ನದಿಯ ಕಣಿವೆ ತಗ್ಗು. ಆದ್ದರಿಂದ ಸುಳಿ ಒಡೆಯದೆ ಪೆಸಿಫಿಕ್ ಮುಟ್ಟಿತು. ಆದರೆ ಅಷ್ಟರಲ್ಲಿ ಹರಿಕೇನ್ (ಆ ಕಡೆ ಪ್ರಬಲ ಚಂಡಮಾರುತಕ್ಕೆ ಹೇಳುವ ಹೆಸರು) ದರ್ಜೆಯಿಂದಲೇ ಕೆಳಗಿಳಿದಿತ್ತು. ಆ ಕಡೆ ಎರಡು ದಿನವೂ ಸರಿಯಾಗಿ ಬಾಳಲಿಲ್ಲ.

2022ರ ಜುಲೈನಲ್ಲಿ ಬಾನಿ ಅನ್ನುವ ಚಂಡಮಾರುತದ್ದು ಪೂರ್ತಿ ತಿರುವು ಮುರುವು. ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಸಾಧಾರಣ ಬಿರುಗಾಳಿಯಾಗಿ ದಾಟಿತು. ಪೆಸಿಫಿಕ್ ಮೇಲೆ ಮೂರ್ನಾಲ್ಕು ದಿನ ಸಾಗಿದ ಮೇಲೆ ಅದೂ 185 ಕಿ.ಮೀ. ವೇಗ ಮುಟ್ಟಿತು! ಆ ಬಲವೆಲ್ಲ ಪೆಸಿಫಿಕ್‌ನ ಬೆಚ್ಚಗಿನ ನೀರು ಕೊಟ್ಟದ್ದು. ಅಟ್ಲಾಂಟಿಕ್‌ನ ಪಾಲು ಬರೀ ಸುಳಿ.

ಈ ದುಪ್ಪಟ್ಟಿನ ಮಾತು ನನಗೆ ಬೇಸರ ತರಿಸಲು ಇನ್ನೊಂದು ಕಾರಣವಿದೆ. ಎಲ್ಲರೂ ಆಚೆ ಕಡಲನ್ನೇ ನೋಡುತ್ತಾರೆ, ನಡುವಿನ ನೆಲವನ್ನು ಮರೆಯುತ್ತಾರೆ. ಓಟೋ ನಿಕರಾಗುವಾದ ಪಕ್ಕದ ದೇಶ ಕೋಸ್ಟಾರಿಕಾದಲ್ಲಿ ಜೀವ ತೆಗೆದದ್ದು ದಾಟುವಾಗ ಸುರಿದ ಮಳೆಯಿಂದ. ಅಲ್ಲಿನ ಉಪಾಲಾ ಊರಿಗೆ ರಾತ್ರಿ ನೀರು ನುಗ್ಗಿತು. ಗಾಳಿ ಕುಗ್ಗಿತು ಅಂದರೆ ಮಳೆ ಕುಗ್ಗಿತು ಅಂತಲ್ಲ.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1996ರಲ್ಲಿ ಸೀಸರ್ ಪೆಸಿಫಿಕ್‌ಗೆ ದಾಟಿದಾಗ ಅದಕ್ಕೆ ಡಗ್ಲಸ್ ಅಂತ ಹೊಸ ಹೆಸರಿಟ್ಟರು. ಆಗಿನ ಪದ್ಧತಿ ಹಾಗಿತ್ತು. ಈಗ ಸುಳಿ ಜೀವಂತ ದಾಟಿದರೆ ಹಳೇ ಹೆಸರೇ. ಓಟೋ, ಬಾನಿ ಎರಡೂ ಹಾಗೆಯೇ ಉಳಿದವು.

ನಮ್ಮ ಕಡೆಯೂ ಎರಡೂ ಬಗೆ ನಡೆದಿದೆ. 2018ರಲ್ಲಿ ಗಜ ತಮಿಳುನಾಡು, ಕೇರಳ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿದಾಗಲೂ ಗಜವೇ. 2021ರ ಗುಲಾಬ್ ಮಾತ್ರ ಆಂಧ್ರದ ಕರಾವಳಿಯಿಂದ ಒಳನಾಡಿಗೆ ಬಂದು ಚಂಡಮಾರುತ ಅನ್ನಿಸಿಕೊಳ್ಳದಷ್ಟು ಸೊರಗಿತು. ಗುಜರಾತ್ ದಾಟಿ ಅರಬ್ಬೀ ಸಮುದ್ರದಲ್ಲಿ ಮತ್ತೆ ಚೇತರಿಸಿಕೊಂಡಿತು. ಅಲ್ಲಿ ಅದು ಹೊಸ ಚಂಡಮಾರುತದ ಲೆಕ್ಕ. ಹಾಗಾಗಿ ಮೊದಲೇ ಮಾಡಿಟ್ಟ ಹೆಸರುಗಳ ಪಟ್ಟಿಯಲ್ಲಿ ಮುಂದಿದ್ದ ಹೆಸರು ಬಂತು, ಶಾಹೀನ್. ಆಂಧ್ರ ಮುಟ್ಟಿದ ಒಂದು ವಾರಕ್ಕೆ, ಅಕ್ಟೋಬರ್ 3ರಂದು, ಅದೇ ಸುಳಿ ಓಮಾನ್‌ಗೆ ಬಡಿಯಿತು.